ಒಂದು ಹಲ್ಲನ್ನು ಎಷ್ಟು ನಂಬಬಹುದು?

ಪ್ರಿಯ ಓದುಗರೆ,

ಹೋದ ಸಂಚಿಕೆಯಲ್ಲಿ ಬಂದ ಮನುಷ್ಯನ ಪೂರ್ವಜರ ಲೇಖನ ಓದಿ ನೀವು ಬರೆದಿದ್ದೀರಿ: "ಸಿಕ್ಕಿದ್ದು ನಾಲ್ಕು ಹಲ್ಲು. ಅಷ್ಟರಲ್ಲೇ ವಯಸ್ಸು, ಊಟ ಎಲ್ಲ ಹೇಳಿಬಿಡುತ್ತಾರೆ. ಇದು ಸುಮ್ನೆ ಊಹೆ ಅಲ್ವಾ?"

ಕೇಳಲೇಬೇಕಾದ ಪ್ರಶ್ನೆ. ಹಲ್ಲನ್ನು ನಂಬಿ ಎಡವಿದ್ದೂ ಉಂಟು. ಅಮೆರಿಕದ ನೆಬ್ರಾಸ್ಕಾದಲ್ಲಿ ಸಿಕ್ಕ ಸವೆದ ಹಲ್ಲೊಂದನ್ನು 1922ರಲ್ಲಿ ಮನುಷ್ಯನಂಥ ವಾನರದ್ದು ಎಂದು ಸಾರಿದರು. 1927ರ ಹೊತ್ತಿಗೆ ಅದು ಹಂದಿಯಂತಿರುವ ಪೆಕರಿ ಎಂಬ ಪ್ರಾಣಿಯದ್ದು ಎಂದು ಒಪ್ಪಿಕೊಳ್ಳಬೇಕಾಯಿತು. ಬರೀ ಆಕಾರ ನೋಡಿದರೆ ಹೀಗಾಗುತ್ತದೆ.

ಆದರೆ ಹಲ್ಲಿನ ಒಳಗೆ ಲೆಕ್ಕವಿದೆ. ಹಲ್ಲು ರೂಪುಗೊಳ್ಳುವಾಗ ಮೇಲಿನ ಗಟ್ಟಿ ಹೊದಿಕೆ ಎನಾಮಲ್ ದಿನಾ ಚೂರು ಚೂರೇ ಬೆಳೆಯುತ್ತದೆ. ಒಂದೊಂದು ದಿನಕ್ಕೂ ಒಂದು ಸಣ್ಣ ಗೆರೆ. ನಮ್ಮಲ್ಲಿ ಸಾಮಾನ್ಯವಾಗಿ ಎಂಟೊಂಬತ್ತು ದಿನಕ್ಕೊಮ್ಮೆ ಇನ್ನೊಂದು ಎದ್ದು ಕಾಣುವ ಗೆರೆ. ಹಾಲುಹಲ್ಲಿನಲ್ಲಂತೂ ಹುಟ್ಟಿದ ದಿನದ ಗುರುತೂ ಇರುತ್ತದೆ. ಮೂಳೆ ಜೀವನವಿಡೀ ಹೊಸದಾಗುತ್ತಿರುತ್ತದೆ. ಎನಾಮಲ್ ಹಾಗಲ್ಲ, ಒಮ್ಮೆ ಆದದ್ದು ಆಯಿತು. ಅದಕ್ಕೇ ಲಕ್ಷಾಂತರ ವರ್ಷದ ನಂತರವೂ ಆ ದಿನಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಬಹುದು.

1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್‌ನಲ್ಲಿ ಮನುಷ್ಯನ ಪೂರ್ವಜರ ಕುಲದ ಒಂದು ಮಗುವಿನ ತಲೆಬುರುಡೆ ಸಿಕ್ಕಿತು. ಮೊದಲ ಶಾಶ್ವತ ದವಡೆಹಲ್ಲು ಆಗಷ್ಟೇ ಮೂಡುತ್ತಿತ್ತು. ನಮ್ಮ ಮಕ್ಕಳಿಗೆ ಅದು ಬರುವುದು ಆರನೇ ವರ್ಷದ ಆಸುಪಾಸಿನಲ್ಲಿ. ಹಾಗಾಗಿ ಇದಕ್ಕೂ ಆರು ವರ್ಷ ಎಂದುಕೊಂಡರು. 1985ರಲ್ಲಿ ಬ್ರೊಮೇಜ್ ಮತ್ತು ಡೀನ್ ಎಂಬ ವಿಜ್ಞಾನಿಗಳು ಇದೇ ಹಂತದಲ್ಲಿದ್ದ ಇಂಥ ಬೇರೆ ಪ್ರಾಚೀನ ಮಕ್ಕಳ ಹಲ್ಲುಗಳ ಗೆರೆ ಎಣಿಸಿದರು. ಬಂದ ಉತ್ತರ, ಮೂರು ವರ್ಷಕ್ಕಿಂತ ಸ್ವಲ್ಪ ಜಾಸ್ತಿ! ಅಂದರೆ ಆ ಮಕ್ಕಳು ಚಿಂಪಾಂಜಿ ಮರಿಗಳ ಹಾಗೆ ಬೇಗ ಬೆಳೆಯುತ್ತಿದ್ದವು. ನಮ್ಮ ಈ ಉದ್ದನೆಯ ಬಾಲ್ಯ ಬಂದದ್ದು ಆಮೇಲೆ. ಇಷ್ಟು ದೊಡ್ಡ ಸಂಗತಿ ಕೂದಲೆಳೆಗಿಂತ ಸಣ್ಣ ಗೆರೆಗಳಿಂದ ತಿಳಿಯಿತಲ್ಲ, ಅದೇ ನನಗೆ ಇವತ್ತಿಗೂ ಬೆರಗು.

ಊಟದ ಮಾತೂ ಹಾಗೆಯೇ. 1959ರಲ್ಲಿ ಸಂಶೋಧಕಿ ಮೇರಿ ಲೀಕಿ ಟಾಂಜಾನಿಯಾದ ಓಲ್ಡುವಾಯಿ ಕಣಿವೆಯಲ್ಲಿ ಕಂಡ, ಮನುಷ್ಯನ ಹಳೆಯ ಬಂಧುವೊಂದರ ಬುರುಡೆಗೆ ಭಾರಿ ದವಡೆಹಲ್ಲುಗಳಿದ್ದವು. ಗಟ್ಟಿ ಕಾಯಿ ಒಡೆದು ತಿನ್ನುತ್ತಿದ್ದಿರಬೇಕು ಎಂದು 'ನಟ್‌ಕ್ರ್ಯಾಕರ್ ಮ್ಯಾನ್' ಎಂದೇ ಕರೆದರು. ಮುಂದೆ ಆ ಜಾತಿಯ ಹಲ್ಲುಗಳನ್ನು ಹತ್ತಿರದಿಂದ ನೋಡಿದರೆ, ಕಾಯಿ ಒಡೆದಾಗ ಬೀಳುವಂಥ ಗುಳಿಗಳೇ ಅಷ್ಟಾಗಿ ಇರಲಿಲ್ಲ. ತಿಂದ ಆಹಾರದಿಂದ ಎನಾಮಲ್‌ಗೆ ಸೇರಿದ್ದ ಇಂಗಾಲ ಬೇರೆಯೇ ಹೇಳಿತು: ಹೆಚ್ಚಾಗಿ ತಿಂದದ್ದು ಹುಲ್ಲು, ಜೊಂಡಿನಂಥ ಗಿಡ.

ಒಂದು ಕಡೆ ನಿಮ್ಮ ದೂರು ಪೂರ್ತಿ ಸರಿ. ನಾವು ಹಾಕಿದ ಚಿತ್ರದಲ್ಲಿದ್ದ ಮೈಬಣ್ಣ, ಕೂದಲು ಯಾವ ಹಲ್ಲೂ ಹೇಳಿದ್ದಲ್ಲ, ಕಲಾವಿದರ ಕಲ್ಪನೆ. ಅದನ್ನು ಚಿತ್ರದ ಕೆಳಗೆ ಬರೆಯಬೇಕಿತ್ತು. ಇನ್ನು ಮುಂದೆ ಬರೆಯುತ್ತೇವೆ.

– ಸಂಪಾದಕ