ಎಕ್ಸ್‌-ರೇ ಸರಿಯಿದ್ದರೂ ಮೊಣಕಾಲು ಏಕೆ ಕುಸಿಯುತ್ತದೆ?

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಎರಡು ತಿಂಗಳ ಹಿಂದೆ ಕಬಡ್ಡಿ ಆಡುವಾಗ ಊರಿದ ಕಾಲಿನ ಮೇಲೆಯೇ ಮೈ ತಿರುಗಿ, ಮೊಣಕಾಲಿನೊಳಗೆ ‘ಟಕ್’ ಎಂದು ಸದ್ದಾಯಿತಂತೆ. ಎರಡು ಗಂಟೆಯೊಳಗೆ ಕಾಲು ಬಾತುಕೊಂಡಿತು. ಎಕ್ಸ್‌-ರೇ ನೋಡಿ ಎಲುಬು ಮುರಿದಿಲ್ಲವೆಂದರು. ಈಗ ಬಾವು ಇಳಿದಿದೆ, ಆದರೆ ಮೆಟ್ಟಿಲು ಇಳಿಯುವಾಗ ಕಾಲು ಕುಸಿದಂತಾಗುತ್ತದೆ. ಕಲಬುರಗಿಯ ವೈದ್ಯರು ಎಂಆರ್‌ಐ ಬರೆದುಕೊಟ್ಟಿದ್ದಾರೆ. ಅಷ್ಟು ಖರ್ಚು ಮಾಡಲೇಬೇಕೆ? ಅದರ ಕಿರಣಗಳಿಂದ ಅಪಾಯವಿಲ್ಲವೆ?
– ಶಹಾಪುರ ತಾಲ್ಲೂಕಿನ ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ಮಗನ ವಿಷಯದಲ್ಲಿ ಈ ಪರೀಕ್ಷೆ ಬೇಕು ಎಂದೇ ನನ್ನ ಅಭಿಪ್ರಾಯ. ಎಕ್ಸ್‌-ರೇಯಲ್ಲಿ ಕಾಣುವುದು ಮುಖ್ಯವಾಗಿ ಎಲುಬು. ತೊಡೆಯೆಲುಬನ್ನೂ ಕಣಕಾಲೆಲುಬನ್ನೂ ಹಿಡಿದಿಡುವ ಲಿಗಮೆಂಟ್‌ಗಳು ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ‘ಎಲುಬು ಮುರಿದಿಲ್ಲ’ ಎಂಬ ಮಾತನ್ನು ‘ಮೊಣಕಾಲಿಗೆ ಏನೂ ಆಗಿಲ್ಲ’ ಎಂದು ತಿಳಿಯಬಾರದು. ಹಾಗೆಂದು ಆ ಎಕ್ಸ್‌-ರೇ ವ್ಯರ್ಥವಾಗಿಲ್ಲ. ಕಣಕಾಲೆಲುಬಿನ ಮೇಲ್ತುದಿಯ ಹೊರ ಅಂಚಿನಿಂದ ಚಿಕ್ಕ ಚೂರು ಕಿತ್ತು ಬಂದಿದ್ದರೆ, ಒಳಗೆ ಎಸಿಎಲ್ ಎಂಬ ಮುಂಭಾಗದ ಲಿಗಮೆಂಟ್ ಹರಿದಿರುವ ಸಂಭವ ಬಹಳ ಹೆಚ್ಚು. ಇಂಥ ಚೂರನ್ನು ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಸೆಗಾಂಡ್ 1879ರಲ್ಲಿಯೇ, ಎಕ್ಸ್‌-ರೇ ಬರುವ ಮೊದಲೇ, ವಿವರಿಸಿದ್ದರು.

ನೀವು ಬರೆದಿರುವ ವಿವರವೇ ಅರ್ಧ ರೋಗನಿರ್ಣಯ ಮಾಡಿಕೊಡುತ್ತದೆ. ಊರಿದ ಕಾಲಿನ ಮೇಲೆ ಮೈ ತಿರುಗಿದ್ದು, ಸದ್ದು ಕೇಳಿದ್ದು, ಕೀಲಿನೊಳಗೆ ರಕ್ತ ತುಂಬಿದಾಗ ಆಗುವಂತೆ ಕೆಲವೇ ಗಂಟೆಗಳಲ್ಲಿ ಬಾತುಕೊಂಡದ್ದು, ಈಗ ಕಾಲು ಕುಸಿಯುತ್ತಿರುವುದು, ಇವೆಲ್ಲ ಎಸಿಎಲ್ ಕಡೆಗೇ ಬೆರಳು ತೋರಿಸುತ್ತವೆ. ಮೊಣಕಾಲನ್ನು ಸ್ವಲ್ಪ ಮಡಿಸಿ ಕಣಕಾಲನ್ನು ಮುಂದಕ್ಕೆ ಎಳೆದು ನೋಡುವ ಲ್ಯಾಕ್‌ಮನ್ ಪರೀಕ್ಷೆಯಿಂದ ಅನುಭವಿ ವೈದ್ಯರಿಗೆ ಸಡಿಲ ತಿಳಿಯುತ್ತದೆ. ಎಂಆರ್‌ಐ ಆ ಅನುಮಾನವನ್ನು ಖಚಿತಪಡಿಸುವುದಲ್ಲದೆ, ಎಲುಬುಗಳ ನಡುವೆ ಗಾದಿಯಂತಿರುವ ಮೆನಿಸ್ಕಸ್ ಹರಿದಿದೆಯೇ, ಎಲುಬಿನೊಳಗೆ ಜಜ್ಜಿದ ಗುರುತುಗಳಿವೆಯೇ ಎಂಬುದನ್ನೂ ತೋರಿಸುತ್ತದೆ. ಶಸ್ತ್ರಚಿಕಿತ್ಸೆಯೋ ವ್ಯಾಯಾಮವೋ ಎಂಬ ನಿರ್ಧಾರಕ್ಕೆ ಇದು ಬಹಳ ಮುಖ್ಯ. ಅರ್ಧ ಹರಿದ ಲಿಗಮೆಂಟ್‌ನ ವಿಷಯದಲ್ಲಿ ಮಾತ್ರ ಎಂಆರ್‌ಐ ಕೂಡ ಅಷ್ಟು ಖಚಿತವಲ್ಲ. ಆದ್ದರಿಂದ ವರದಿಯ ಕಾಗದವನ್ನಷ್ಟೇ ನಂಬದೆ, ಕಾಲನ್ನು ಕೈಯಿಂದ ಮುಟ್ಟಿ ಪರೀಕ್ಷಿಸಿದ ವೈದ್ಯರ ಮುಂದೆಯೇ ಅದನ್ನು ಇಟ್ಟು ಕೇಳಿರಿ.

ಎಂಆರ್‌ಐಯಲ್ಲಿ ಎಕ್ಸ್‌-ರೇ ಕಿರಣಗಳಿರುವುದಿಲ್ಲ. ಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳಿಂದ ಚಿತ್ರ ಮೂಡುತ್ತದೆ. ಸುಮಾರು ಅರ್ಧ ಗಂಟೆ ಅಲುಗಾಡದೆ ಮಲಗಬೇಕಾಗುತ್ತದೆ. ದೇಹದೊಳಗೆ ಪೇಸ್‌ಮೇಕರ್ ಅಥವಾ ಲೋಹದ ತುಣುಕು ಇದ್ದರೆ ಮೊದಲೇ ಹೇಳಬೇಕು, ಉಡಿದಾರದಲ್ಲಿ ಲೋಹವಿದ್ದರೆ ಬಿಚ್ಚಿಡಬೇಕು. ಹಳೆಯ ಎಕ್ಸ್‌-ರೇ ಫಿಲ್ಮನ್ನು ಜೊತೆಗೆ ಒಯ್ಯಿರಿ.

ಅಲ್ಲಿಯವರೆಗೆ ಕಬಡ್ಡಿ ಬೇಡ. ಎಣ್ಣೆ ಹಚ್ಚಿ ಕಾಲು ಎಳೆಸುವುದಂತೂ ಬೇಡವೇ ಬೇಡ. ಕಾಲು ಕುಸಿದಾಗಲೆಲ್ಲ ಮೆನಿಸ್ಕಸ್ ಇನ್ನಷ್ಟು ಹರಿಯಬಹುದು, ಮತ್ತು ಅದರ ಹೆಚ್ಚಿನ ಭಾಗಕ್ಕೆ ರಕ್ತ ಸಂಚಾರವಿಲ್ಲದ ಕಾರಣ ಒಮ್ಮೆ ಹರಿದರೆ ತಾನಾಗಿ ಕೂಡುವುದು ಕಷ್ಟ.