ತುಳು, ಬ್ಯಾರಿ, ಕೊಂಕಣಿ, ಬಾಗಲಕೋಟೆ ಕನ್ನಡ: ಒಂದೇ ತರಗತಿಯ ಇಷ್ಟೊಂದು ಮನೆಗಳನ್ನು ಅರಿಯುವುದು ಹೇಗೆ?

ಮೈಸೂರು ಕಡೆಯಿಂದ ಮಂಗಳೂರಿನ ಶಾಲೆಯೊಂದಕ್ಕೆ ಹೊಸದಾಗಿ ಬಂದಿದ್ದೀರಿ, ತರಗತಿಯಲ್ಲಿ ಇಲ್ಲಿನ ಮಕ್ಕಳ ಜೊತೆ ಬಾಗಲಕೋಟೆ, ಜಾರ್ಖಂಡ್ ಕಡೆಯ ಮಕ್ಕಳೂ ಇದ್ದಾರೆ, ಒಂದೊಂದು ಸಮುದಾಯದ ರೀತಿನೀತಿಯ ಪಟ್ಟಿ ಎಲ್ಲಾದರೂ ಸಿಗುತ್ತದಾ ಎಂದು ಕೇಳಿದ್ದೀರಿ.

ಪಟ್ಟಿ ಹುಡುಕಬೇಡಿ ಎಂದೇ ನನ್ನ ಸಲಹೆ. ಸಮುದಾಯದ ಹೆಸರು ಗೊತ್ತಾದ ಕೂಡಲೇ ನಾವು ಮನೆಯವರನ್ನು ಕೇಳುವುದನ್ನೇ ಬಿಟ್ಟುಬಿಡುತ್ತೇವೆ. ಅದರ ಬದಲು ಒಂದು ನೋಟ್‌ಬುಕ್ಕಿನಲ್ಲಿ ಮಗುವಿಗೆ ಅರ್ಧ ಪುಟದಂತೆ ಐದು ವಿಷಯ ಬರೆದಿಡಿ: ಮನೆಯಲ್ಲಿ ಯಾವ ಮಾತು, ಮಗು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತದೆ, ಶಾಲೆಯ ವಿಷಯದಲ್ಲಿ ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಅವರಿಗೆ ಬಿಡುವು ಯಾವಾಗ, ಮಗು ಏನು ತಿನ್ನುವುದಿಲ್ಲ. ಜಾತಿ, ಧರ್ಮ ದಾಖಲೆಯಲ್ಲಿ ಹೇಗೂ ಉಂಟು, ಇಲ್ಲಿ ಬೇಡ.

ಮೊದಲು ಎಡವುವುದು ಮಾತಿನಲ್ಲಿ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆರ್ ಎಂದರೆ ತಂದೆ. ಈಗ ಹೆಚ್ಚಿನ ಮಕ್ಕಳು ಪಪ್ಪ, ಅಮ್ಮ ಅನ್ನುತ್ತಾರೆ, ನಿಜ. ಆದರೆ ಅಜ್ಜಿಯ ಕೈಯಲ್ಲಿ ಬೆಳೆದ ಮಗು "ಅಮ್ಮೆರ್ ಬೊಂಬಾಯಿಡ್ ಉಲ್ಲೆರ್" ಎಂದರೆ ದೂರದಲ್ಲಿರುವುದು ತಂದೆ, ತಾಯಿಯಲ್ಲ. ಇಲ್ಲಿನ ಬಹಳ ಮಕ್ಕಳು ಕನ್ನಡ ಕಲಿಯುವುದು ಶಾಲೆಯಲ್ಲಿ, ಹಾಗಾಗಿ ಅವರದು ಪುಸ್ತಕದ ಕನ್ನಡ. ಬಾಗಲಕೋಟೆಯ ಮಗು "ಬರಿಯಾಕತ್ತೀನ್ರಿ ಸರ" ಎಂದಾಗ ಉಳಿದವರು ನಗುತ್ತಾರೆ. ಕನ್ನಡವೇ ಮನೆಮಾತಾದ ಮಗು ಅಲ್ಲಿಗೆ ಬಾಯಿ ಮುಚ್ಚುತ್ತದೆ, ನಾವು ಅದನ್ನು ದಡ್ಡತನ ಅಂದುಕೊಳ್ಳುತ್ತೇವೆ. ನಗು ಬಂದ ಆ ಕ್ಷಣವೇ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ: ಮಾಡಾಕತ್ತೀನಿ, ಮಾಡ್ತಾ ಇದ್ದೇನೆ, ತುಳುವಿನ ಮಲ್ತೊಂದುಲ್ಲೆ. ಬ್ಯಾರಿಯಲ್ಲಿ (ಇಲ್ಲಿನ ಬ್ಯಾರಿ ಮುಸ್ಲಿಮರ ಮಾತು) ಹೇಗೆ, ಕೊಂಕಣಿಯಲ್ಲಿ ಹೇಗೆ ಎಂದು ಮಕ್ಕಳನ್ನೇ ಕೇಳಿ. ಐದು ನಿಮಿಷದ ಕೆಲಸ, ವಾರಕ್ಕೆರಡು ಸಲ ಸಾಕು. ಮನೆಮಾತು ಆಡಿದ್ದಕ್ಕೆ ದಂಡ ಹಾಕುವ ಪದ್ಧತಿ ನಿಮ್ಮಲ್ಲಿದ್ದರೆ ದಯವಿಟ್ಟು ನಿಲ್ಲಿಸಿ.

ಅಡ್ಡಹೆಸರಿನ ವಿಷಯದಲ್ಲೂ ಅವಸರ ಬೇಡ. ಅಳಿಯಸಂತಾನದ (ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿ) ಹಿನ್ನೆಲೆಯ ಮನೆಗಳಲ್ಲಿ ಬರಿ, ಅಂದರೆ ಕೋಟ್ಯಾನ್, ಸಾಲ್ಯಾನ್‌ನಂಥ ಹೆಸರು, ತಾಯಿಯ ಕಡೆಯಿಂದ ಬರುತ್ತದೆ. ತಂದೆಯದೊಂದು, ಮಗುವಿನದೊಂದು ಇದ್ದರೆ ತಪ್ಪೆಂದು ತಿದ್ದಬೇಡಿ. ಆಧಾರ್, ಜನನ ಪ್ರಮಾಣಪತ್ರ ಎರಡನ್ನೂ ಎದುರಿಟ್ಟುಕೊಂಡು ಮನೆಯವರನ್ನು ಕೇಳಿಯೇ ದಾಖಲಿಸಿ. ಆಮೇಲೆ ಸರಿಪಡಿಸುವುದು ದೊಡ್ಡ ಅಲೆದಾಟ. ಅಂಥ ಮನೆಗಳಲ್ಲಿ ಸೋದರಮಾವನ ಮಾತಿಗೆ ತೂಕ ಹೆಚ್ಚಿರಬಹುದು. ಸಭೆಗೆ ಮಾವ ಬಂದರೆ "ತಂದೆ ಎಲ್ಲಿ?" ಎಂದು ಶುರುಮಾಡಬೇಡಿ.

ಸಭೆಗೆ ಬಾರದವರಿಗೆ ಮಕ್ಕಳ ಮೇಲೆ ಕಾಳಜಿ ಇಲ್ಲ ಎನ್ನುವ ಮೊದಲು ನೀವು ಇಟ್ಟ ಹೊತ್ತು ನೋಡಿ. ಕೆಲಸದ ದಿನ ಮಧ್ಯಾಹ್ನ ಕರೆದರೆ ಕಟ್ಟಡ ಕೆಲಸದವರಿಗೆ ಆ ದಿನದ ಸಂಬಳ ಹೋಯಿತು. ಬೀಡಿ ಕಟ್ಟುವ ತಾಯಂದಿರಿಗೆ ಕಂಪನಿಯ ಬ್ರಾಂಚಿಗೆ ಬೀಡಿ ಕೊಡುವ ಹೊತ್ತು ತಪ್ಪುವ ಹಾಗಿಲ್ಲ. ಶುಕ್ರವಾರ ಮಧ್ಯಾಹ್ನ ಜುಮಾ ನಮಾಜು, ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಬಲಿಪೂಜೆ. ಎರಡು ಹೊತ್ತು ಕೊಟ್ಟು ಆರಿಸಲು ಬಿಡಿ: ಒಂದು ಸಂಜೆ ಆರರ ನಂತರ, ಇನ್ನೊಂದು ಭಾನುವಾರ ಮಧ್ಯಾಹ್ನದ ಮೇಲೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಶುಲ್ಕ, ಸಮವಸ್ತ್ರ, ಪುಸ್ತಕ ಎಲ್ಲಕ್ಕೂ ದುಡ್ಡು ಬೇಕಾಗುವ ಹೊತ್ತಿನಲ್ಲೇ ಬಂದರಿನ ಮನೆಗಳ ಕೈ ಖಾಲಿ. ಆಗಸ್ಟ್ ಕೊನೆಯವರೆಗೆ ಗಡುವು ಕೊಡಿಸಲು ಮುಖ್ಯೋಪಾಧ್ಯಾಯರ ಹತ್ತಿರ ಈಗಲೇ ಮಾತಾಡಿ.

ತೂಕಡಿಸುವ ಮಗುವನ್ನು ಗದರುವ ಮೊದಲು ನೋಟ್‌ಬುಕ್ಕಿನ ಎರಡನೇ ಸಾಲು ನೋಡಿ. ಬೆಳಗಿನ ಮದ್ರಸ ಮುಗಿಸಿ ಬಂದಿರಬಹುದು, ರಾತ್ರಿಯಿಡೀ ಕುಟುಂಬದ ನೇಮದಲ್ಲಿ, ಅಂದರೆ ದೈವದ ಆರಾಧನೆಯಲ್ಲಿ, ಕೂತಿರಬಹುದು.

ಊಟದ ಬಗ್ಗೆ ತರಗತಿಯಲ್ಲಿ ಕೈ ಎತ್ತಿಸಬೇಡಿ, ಮನೆಯವರನ್ನು ಕೇಳಿ. ಕೊಂಕಣಿ ಮನೆ ಎಂದ ಮಾತ್ರಕ್ಕೆ ಸಸ್ಯಾಹಾರವೆಂದಲ್ಲ, ಕರಾವಳಿಯವರೆಲ್ಲ ಮೀನು ತಿನ್ನುವವರೂ ಅಲ್ಲ. ಜೋಳದ ರೊಟ್ಟಿ ತಿಂದು ಬೆಳೆದ ಮಗು ಕುಚ್ಚಲಕ್ಕಿ ಅನ್ನ ಬಿಟ್ಟರೆ ಅದು ಸೊಕ್ಕಲ್ಲ. ಆ ದಪ್ಪ ಅಗುಳು ನಾಲಿಗೆಗೆ ಒಗ್ಗಲು ಹೊತ್ತು ಬೇಕು. ಮೊದಲ ಕೆಲವು ವಾರ ಅನ್ನ ಸ್ವಲ್ಪ, ಸಾಂಬಾರು ಹೆಚ್ಚು ಬಡಿಸಲು ಅಡುಗೆಯವರಿಗೆ ಹೇಳಿ.

ವರ್ಷದ ನಡುವೆ ಟಿಸಿ (ವರ್ಗಾವಣೆ ಪ್ರಮಾಣಪತ್ರ) ಇಲ್ಲದೆ ಬರುವ ಮಕ್ಕಳನ್ನು ವಾಪಸು ಕಳಿಸಬೇಡಿ. ಒಂದರಿಂದ ಎಂಟನೇ ತರಗತಿಯವರೆಗೆ ಸರ್ಕಾರಿ, ಅನುದಾನಿತ ಶಾಲೆಗಳು ಟಿಸಿ ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ.

ಕೊನೆಗೆ, ಜಾರ್ಖಂಡಿನ ತಂದೆತಾಯಿಯ ಜೊತೆ ಮಾತಾಡುವಾಗ ಮಗುವನ್ನೇ ದುಭಾಷಿ ಮಾಡಬೇಡಿ. ತನ್ನ ಮೇಲಿನ ದೂರನ್ನು ಯಾವ ಮಗುವೂ ಇದ್ದ ಹಾಗೆ ದಾಟಿಸುವುದಿಲ್ಲ, ಮನೆಯ ಕಷ್ಟವನ್ನು ನಿಮ್ಮೆದುರು ಹೇಳಲು ಅದಕ್ಕೆ ನಾಚಿಕೆಯೂ ಆಗುತ್ತದೆ. ಹಿಂದಿ ಬರುವ ಟೀಚರೊಬ್ಬರನ್ನೋ, ಮನೆಯವರೇ ಒಪ್ಪಿದ ಪಕ್ಕದ ಮನೆಯವರನ್ನೋ ಕೂರಿಸಿಕೊಳ್ಳಿ. ಮೊದಲ ಭೇಟಿಯಲ್ಲಿ ದೂರು ಎತ್ತಲೇಬೇಡಿ, ಮಗು ಚೆನ್ನಾಗಿ ಮಾಡಿದ ಒಂದು ಕೆಲಸವನ್ನು ಅದರ ನೋಟ್‌ಬುಕ್ ತೆರೆದು ತೋರಿಸಿ ಕಳಿಸಿ.