ಸಿನ್ ಕಳಿಸಿದರೆ ಸಿನ್-ಆಕ್ ಬರುತ್ತದೆ, ಆಮೇಲೆ ಕನೆಕ್ಷನ್ ಸಾಯುತ್ತದೆ: ಯಾಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮಾರತ್ತಹಳ್ಳಿಯ ಪಿಜಿಯಲ್ಲಿದ್ದೀರಿ, ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಸ್ಕೇಪಿ (ಪೈಥಾನ್‌ನಲ್ಲಿ ಪ್ಯಾಕೆಟ್ ಕಟ್ಟುವ ಟೂಲ್) ಹಾಕಿಕೊಂಡಿದ್ದೀರಿ. ಕೈಯಾರೆ ಒಂದು ಸಿನ್ ಪ್ಯಾಕೆಟ್, ಅಂದರೆ ಟಿಸಿಪಿ ಕನೆಕ್ಷನ್ ಕೇಳುವ ಮೊದಲ ಪ್ಯಾಕೆಟ್, ಕಟ್ಟಿ ವೆಬ್ ಸರ್ವರ್‌ಗೆ ಕಳಿಸಿದರೆ ಅದನ್ನು ಒಪ್ಪುವ ಸಿನ್-ಆಕ್ ಸರಿಯಾಗಿ ಬರುತ್ತದೆ. ಅದಕ್ಕೆ ಆಕ್ (ತಲುಪಿತು ಅನ್ನುವ ಉತ್ತರ) ಕಳಿಸಿ, ಹಿಂದೆಯೇ ಪುಟ ಕೇಳುವ ಗೆಟ್ ರಿಕ್ವೆಸ್ಟ್ ಕಳಿಸಿದರೆ ಪುಟ ಬರುವುದಿಲ್ಲ, ಬರೀ ಆರ್‌ಎಸ್‌ಟಿ, ಅಂದರೆ ಕನೆಕ್ಷನ್ ಮುರಿಯುವ ಪ್ಯಾಕೆಟ್, ಬರುತ್ತದೆ. ಸರ್ವರ್‌ನ ಫೈರ್‌ವಾಲ್ ನಿಮ್ಮನ್ನು ಹಿಡಿದುಬಿಟ್ಟಿದೆಯಾ, ಎಚ್‌ಪಿಂಗ್3 ಅನ್ನುವ ಇನ್ನೊಂದು ಟೂಲ್‌ಗೆ ಹೋದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ.

ಎರಡೂ ಅಲ್ಲ. ಕನೆಕ್ಷನ್ ಮುರಿಯುತ್ತಿರುವುದು ನಿಮ್ಮದೇ ಲ್ಯಾಪ್‌ಟಾಪ್‌ನ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು.

ಇದನ್ನು ನಂಬಬೇಡಿ, ನೋಡಿ. ಇನ್ನೊಂದು ಟರ್ಮಿನಲ್ ತೆಗೆದು, ಹೋಗಿ ಬರುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಓಡಿಸಿ. ಮೈನಸ್ ಎನ್ ಹಾಕಿ, ಆ ಸರ್ವರ್‌ನ ವಿಳಾಸಕ್ಕೆ ಮಾತ್ರ ಫಿಲ್ಟರ್ ಕೊಡಿ. ಈಗ ಮೊದಲ ಟರ್ಮಿನಲ್‌ನಿಂದ ಒಂದೇ ಒಂದು ಸಿನ್ ಕಳಿಸಿ, ಬೇರೇನೂ ಮಾಡದೆ ಸುಮ್ನೆ ಕೂತುಕೊಳ್ಳಿ. ಮೂರು ಸಾಲು ಕಾಣುತ್ತವೆ. ಮೊದಲನೆಯದರಲ್ಲಿ ಫ್ಲ್ಯಾಗ್ ಜಾಗದಲ್ಲಿ ‘ಎಸ್’, ಅದು ನಿಮ್ಮದು. ಎರಡನೆಯದರಲ್ಲಿ ‘ಎಸ್’ ಪಕ್ಕ ಒಂದು ಚುಕ್ಕಿ. ಚುಕ್ಕಿ ಅಂದರೆ ಆಕ್, ಅಂದರೆ ಇದು ಸರ್ವರ್‌ನ ಸಿನ್-ಆಕ್. ಮೂರನೆಯದು ‘ಆರ್’. ಅದರ ಬಾಣ ಯಾವ ಕಡೆಗಿದೆ ನೋಡಿ. ನಿಮ್ಮ ಐಪಿಯಿಂದ ಸರ್ವರ್ ಕಡೆಗೆ. ನೀವು ಅದನ್ನು ಟೈಪ್ ಮಾಡಿಲ್ಲ, ಸ್ಕೇಪಿಯೂ ಕಳಿಸಿಲ್ಲ.

ಕಾರಣ ಇಷ್ಟೇ. ಸ್ಕೇಪಿ ಪ್ಯಾಕೆಟ್ ಕಳಿಸುವುದು ಕರ್ನಲ್‌ನ ಟಿಸಿಪಿಗೆ ಹೇಳಿ ಅಲ್ಲ, ಅದನ್ನು ಬದಿಗಿಟ್ಟು ನೇರವಾಗಿ ನೆಟ್‌ವರ್ಕ್ ಕಾರ್ಡ್‌ಗೆ ಕೊಡುತ್ತದೆ. ಉತ್ತರ ಬಂದಾಗ ಸ್ಕೇಪಿಗೆ ಒಂದು ಪ್ರತಿ ಸಿಗುತ್ತದೆ, ಕರ್ನಲ್‌ಗೂ ಸಿಗುತ್ತದೆ. ಕರ್ನಲ್ ತನ್ನ ಪಟ್ಟಿ ನೋಡಿಕೊಳ್ಳುತ್ತದೆ. ಈ ಪೋರ್ಟ್‌ನಿಂದ ನಾನು ಯಾರಿಗೂ ಕನೆಕ್ಷನ್ ಕೇಳಿಯೇ ಇಲ್ಲವಲ್ಲ! ಗೇಟಿನ ಸೆಕ್ಯುರಿಟಿಗೆ ಹೇಳದೆ ನೀವು ಪಾರ್ಸೆಲ್ ತರಿಸಿದರೆ ಅವರು ‘ಇಲ್ಲಿ ಯಾರೂ ಆರ್ಡರ್ ಮಾಡಿಲ್ಲ’ ಅಂತ ವಾಪಸ್ ಕಳಿಸುತ್ತಾರಲ್ವಾ, ಹಾಗೆ ಅದು ಆರ್‌ಎಸ್‌ಟಿ ಕಳಿಸಿಬಿಡುತ್ತದೆ. ಕರ್ನಲ್ ಮಾಡಿದ್ದು ತಪ್ಪಲ್ಲ, ಟಿಸಿಪಿಯ ನಿಯಮ ಇರುವುದೇ ಹಾಗೆ. ಸರ್ವರ್ ಆ ಅರ್ಧ ಕನೆಕ್ಷನ್ ಅನ್ನು ಅಳಿಸಿಹಾಕುತ್ತದೆ. ಆಮೇಲೆ ನಿಮ್ಮ ಆಕ್ ಹೋದಾಗ, ‘ಇದು ಯಾವ ಕನೆಕ್ಷನ್?’ ಅಂತ ಅದೂ ಆರ್‌ಎಸ್‌ಟಿ ಕೊಡುತ್ತದೆ. ನಿಮಗೆ ಕಂಡದ್ದು ಆ ಕೊನೆಯದು ಮಾತ್ರ.

ಪರಿಹಾರ: ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನ ಔಟ್‌ಪುಟ್ ಚೈನ್‌ನಲ್ಲಿ (ಹೊರಹೋಗುವ ಪ್ಯಾಕೆಟ್‌ಗಳ ನಿಯಮಪಟ್ಟಿ), ಆ ಒಂದು ವಿಳಾಸಕ್ಕೆ ಹೋಗುವ, ಆರ್‌ಎಸ್‌ಟಿ ಫ್ಲ್ಯಾಗ್ ಇರುವ ಟಿಸಿಪಿ ಪ್ಯಾಕೆಟ್‌ಗಳನ್ನು ಡ್ರಾಪ್ ಮಾಡಲು ಒಂದು ನಿಯಮ ಹಾಕಿ. ವಿಳಾಸ ಕೊಡದೆ ಎಲ್ಲದಕ್ಕೂ ಹಾಕಬೇಡಿ, ಬ್ರೌಸರ್‌ನಂಥ ಬೇರೆ ಪ್ರೋಗ್ರಾಂಗಳಿಗೂ ಆರ್‌ಎಸ್‌ಟಿ ಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ನಿಯಮ ತೆಗೆಯಿರಿ. ಇಲ್ಲೊಂದು ಸೊಗಸಾದ ವಿಷಯ ಇದೆ: ಈ ನಿಯಮ ಕರ್ನಲ್‌ನ ಆರ್‌ಎಸ್‌ಟಿಯನ್ನು ತಡೆಯುತ್ತದೆ, ಆದರೆ ಸ್ಕೇಪಿಯಿಂದ ನೀವೇ ಆರ್‌ಎಸ್‌ಟಿ ಕಳಿಸಿದರೆ ತಡೆಯುವುದಿಲ್ಲ. ಯಾಕೆಂದರೆ ಲಿನಕ್ಸ್‌ನಲ್ಲಿ ಸ್ಕೇಪಿ ಬಳಸುವುದು ಪ್ಯಾಕೆಟ್ ಸಾಕೆಟ್, ಅದು ಐಪಿಟೇಬಲ್ಸ್‌ಗೆ ಸಿಗದ ದಾರಿ. ಎಚ್‌ಪಿಂಗ್3 ಬಳಸುವುದು ರಾ ಐಪಿ ಸಾಕೆಟ್, ಅದು ಔಟ್‌ಪುಟ್ ಚೈನ್ ದಾಟಿಯೇ ಹೋಗಬೇಕು. ಟೂಲ್ ಬದಲಾಯಿಸಿದಾಗ ಫಲಿತಾಂಶ ಬೇರೆಯಾದರೆ ಇದನ್ನು ನೆನಪಿಟ್ಟುಕೊಳ್ಳಿ.

ಆರ್‌ಎಸ್‌ಟಿ ನಿಂತ ಮೇಲೂ ಗೆಟ್‌ಗೆ ಉತ್ತರ ಬರದೇ ಇರಬಹುದು. ಆಗ ಮೊದಲು ಸೋರ್ಸ್ ಪೋರ್ಟ್, ಅಂದರೆ ನಿಮ್ಮ ಕಡೆಯ ಪೋರ್ಟ್, ನೋಡಿ. ನೀವು ಏನೂ ಕೊಡದಿದ್ದರೆ ಸ್ಕೇಪಿ ಸೋರ್ಸ್ ಪೋರ್ಟ್ 20, ಸೀಕ್ವೆನ್ಸ್ ನಂಬರ್ (ಡೇಟಾದ ಕ್ರಮಸಂಖ್ಯೆ) 0 ಹಾಕುತ್ತದೆ. ಎರಡನೇ ಸಲ ಪ್ರಯತ್ನಿಸಿದಾಗ ಸರ್ವರ್‌ನಲ್ಲಿ ಹಳೆಯ ಕನೆಕ್ಷನ್ ಇನ್ನೂ ಉಳಿದಿದ್ದರೆ ಗೊಂದಲವಾಗುತ್ತದೆ. ಅದಕ್ಕೆಂದು ಜಾಸ್ತಿ ಜನ ಸ್ಕೇಪಿಯ ರಾಂಡ್‌ಶಾರ್ಟ್ ಹಾಕುತ್ತಾರೆ. ಅದರಲ್ಲಿ ಒಂದು ಗುಂಡಿ ಇದೆ. ರಾಂಡ್‌ಶಾರ್ಟ್ ಒಂದು ಸಂಖ್ಯೆಯಲ್ಲ, ಪ್ಯಾಕೆಟ್ ಕಟ್ಟುವಾಗಲೆಲ್ಲ ಹೊಸ ಸಂಖ್ಯೆ ಕೊಡುವ ವಸ್ತು. ಸಿನ್ ಒಂದು ಪೋರ್ಟ್‌ನಿಂದ ಹೋಗುತ್ತದೆ, ಆಕ್ ಇನ್ನೊಂದರಿಂದ! ಅದನ್ನು ಪೈಥಾನ್‌ನ ಇಂಟ್ ಒಳಗೆ ಹಾಕಿ, ಬಂದ ಸಂಖ್ಯೆಯನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು ಅದನ್ನೇ ಕೊನೆಯವರೆಗೆ ಬಳಸಿ.

ನಂತರ ಲೆಕ್ಕ. ಸಿನ್ ಒಂದು ಸಂಖ್ಯೆ ತಿನ್ನುತ್ತದೆ. ನೀವು 1000ದಿಂದ ಶುರು ಮಾಡಿದ್ದರೆ ಮುಂದಿನ ಪ್ಯಾಕೆಟ್‌ನ ಸೀಕ್ವೆನ್ಸ್ 1001. ಆಕ್ ನಂಬರ್ ಅಂದರೆ ಸರ್ವರ್‌ನ ಸೀಕ್ವೆನ್ಸ್‌ಗೆ ಒಂದು ಕೂಡಿಸಿದ್ದು. ಡೇಟಾ ಇಲ್ಲದ ಆಕ್ ಏನೂ ತಿನ್ನುವುದಿಲ್ಲ, ಹಾಗಾಗಿ ಗೆಟ್ ಹೊತ್ತ ಪ್ಯಾಕೆಟ್ ಕೂಡ 1001ರಲ್ಲೇ ಹೋಗಬೇಕು. ಗೆಟ್‌ನ ಕೊನೆಯಲ್ಲಿ ಖಾಲಿ ಸಾಲು ಬಿಟ್ಟಿದ್ದೀರಾ ನೋಡಿ, ಅದಿಲ್ಲದಿದ್ದರೆ ಸರ್ವರ್ ಇನ್ನೂ ಬರುವುದಿದೆ ಅಂತ ಕಾಯುತ್ತಲೇ ಇರುತ್ತದೆ. ಕೈಯಲ್ಲಿ ಟೈಪ್ ಮಾಡಲು ಸಮಯ ಸಾಲದು ಅನ್ನುವ ಭಯ ಬೇಡ. ಲಿನಕ್ಸ್ ಸರ್ವರ್ ತನ್ನ ಸಿನ್-ಆಕ್ ಅನ್ನು ಡೀಫಾಲ್ಟ್ ಆಗಿ 5 ಸಲ ಮತ್ತೆ ಕಳಿಸುತ್ತದೆ, ಒಂದು ನಿಮಿಷದಷ್ಟು ಸಿಗುತ್ತದೆ.

ಇನ್ನು ಟೂಲ್ ವಿಷಯ. ಎಚ್‌ಪಿಂಗ್ ಬರೆದವರು ಸಾಲ್ವತೋರೆ ಸ್ಯಾನ್‌ಫಿಲಿಪ್ಪೊ, ಆಮೇಲೆ ರೆಡಿಸ್ ಡೇಟಾಬೇಸ್ ಕಟ್ಟಿದವರೂ ಅವರೇ. ಒಂದೇ ಸಾಲಿನಲ್ಲಿ ಮುಗಿಯುವ ಕೆಲಸಕ್ಕೆ ನಾನು ಈಗಲೂ ಅದನ್ನೇ ತೆಗೆಯುವುದು. ಮೈನಸ್ ಕ್ಯಾಪಿಟಲ್ ಎಸ್, ಮೈನಸ್ ಪಿ 443, ಮೈನಸ್ ಸಿ 3, ಆಮೇಲೆ ವಿಳಾಸ. ಉತ್ತರದಲ್ಲಿ ಫ್ಲ್ಯಾಗ್ ‘ಎಸ್‌ಎ’ ಅಂತಿದ್ದರೆ ಪೋರ್ಟ್ ತೆರೆದಿದೆ, ‘ಆರ್‌ಎ’ ಅಂತಿದ್ದರೆ ಮುಚ್ಚಿದೆ, ಏನೂ ಬರದಿದ್ದರೆ ಹೆಚ್ಚಿನ ಸಲ ಮಧ್ಯದಲ್ಲಿ ಯಾರೋ ನುಂಗಿದ್ದಾರೆ. ಯಾವ ಆಯ್ಕೆಯನ್ನೂ ಕೊಡದೆ ಬರೀ ವಿಳಾಸ ಕೊಟ್ಟರೆ ಅದು ಪಿಂಗ್‌ನಂತೆ ಐಸಿಎಂಪಿ (ನೆಟ್‌ವರ್ಕ್‌ನ ಸೂಚನಾ ಸಂದೇಶ) ಕಳಿಸುವುದಿಲ್ಲ. ಯಾವ ಫ್ಲ್ಯಾಗೂ ಇಲ್ಲದ ಟಿಸಿಪಿ ಪ್ಯಾಕೆಟನ್ನು ಪೋರ್ಟ್ 0ಗೆ ಕಳಿಸುತ್ತದೆ. ಹೊಸಬರು ‘ಹೋಸ್ಟ್ ಸತ್ತಿದೆ’ ಅಂದುಕೊಳ್ಳುವುದು ಇಲ್ಲೇ.

ಕೈಕುಲುಕಿ ಮಾತು ಮುಂದುವರಿಸುವ ಕೆಲಸಕ್ಕೆ, ಅಂದರೆ ನಿಮ್ಮದಕ್ಕೆ, ಫಿಲಿಪ್ ಬಿಯೊಂದಿ ಬರೆದ ಸ್ಕೇಪಿಯೇ ಸರಿ. ಸೆರೆಹಿಡಿದ ಹಳೆಯ ಪ್ಯಾಕೆಟ್ ತಿದ್ದಿ ಮತ್ತೆ ಕಳಿಸುವಾಗ ಅದರ ಚೆಕ್‌ಸಮ್ (ಡೇಟಾ ಕೆಟ್ಟಿದೆಯಾ ಅಂತ ಹಿಡಿಯುವ ಮೊತ್ತ) ಮತ್ತು ಉದ್ದದ ಫೀಲ್ಡ್‌ಗಳನ್ನು ಅಳಿಸಿಬಿಡಿ. ಆಗ ಸ್ಕೇಪಿ ಹೊಸದಾಗಿ ಲೆಕ್ಕ ಹಾಕುತ್ತದೆ. ಅಳಿಸದಿದ್ದರೆ ಹಳೆಯದೇ ಹೋಗುತ್ತದೆ, ಆ ಕಡೆಯವರು ಸದ್ದಿಲ್ಲದೆ ಬಿಸಾಡುತ್ತಾರೆ. ಪೋರ್ಟ್ ಸ್ಕ್ಯಾನರ್ ಎನ್‌ಮ್ಯಾಪ್ ಜೊತೆ ಬರುವ ಎನ್‌ಪಿಂಗ್‌ನಲ್ಲಿ ಎಕೋ ಮೋಡ್ ಅಂತ ಒಂದಿದೆ. ನಿಮ್ಮದೇ ಒಂದು ವಿಪಿಎಸ್‌ನಲ್ಲಿ (ಬಾಡಿಗೆ ಸರ್ವರ್) ಅದರ ಸರ್ವರ್ ಓಡಿಸಿದರೆ, ನಿಮ್ಮ ಪ್ಯಾಕೆಟ್ ಅಲ್ಲಿಗೆ ಯಾವ ರೂಪದಲ್ಲಿ ತಲುಪಿತು ಅಂತ ವಾಪಸ್ ತೋರಿಸುತ್ತದೆ. ಪಿಜಿ ರೂಟರ್‌ನ ನ್ಯಾಟ್ (ವಿಳಾಸ ಬದಲಿಸುವ ಕೆಲಸ) ಏನೇನು ಬದಲಾಯಿಸುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ನೆಟ್‌ಕ್ಯಾಟ್ ಈ ಗುಂಪಿಗೆ ಸೇರುವುದಿಲ್ಲ, ಅದರಲ್ಲಿ ಹೆಡರ್ (ಪ್ಯಾಕೆಟ್‌ನ ವಿಳಾಸ, ಫ್ಲ್ಯಾಗ್ ಇರುವ ಭಾಗ) ನಿಮ್ಮ ಕೈಗೆ ಸಿಗುವುದಿಲ್ಲ.

ಇದೆಲ್ಲ ಕಲಿತು ಏನು ಉಪಯೋಗ ಅಂತ ಯಾರಾದರೂ ಕೇಳಿದರೆ ಒಂದು ಘಟನೆ ಹೇಳುತ್ತೇನೆ. ವೈಟ್‌ಫೀಲ್ಡ್‌ನ ಆಫೀಸಿನಿಂದ ಇನ್ನೊಂದು ಶಾಖೆಗೆ ನಮ್ಮದೊಂದು ಟನಲ್ ಇತ್ತು. ಎಸ್‌ಎಸ್‌ಎಚ್ ಲಾಗಿನ್ ಆಗುತ್ತಿತ್ತು, ಸಣ್ಣ ಕಮಾಂಡ್‌ಗಳು ಓಡುತ್ತಿದ್ದವು. ದೊಡ್ಡ ಫೋಲ್ಡರ್ ಲಿಸ್ಟ್ ಮಾಡಿದ ಕೂಡಲೇ ಸ್ಕ್ರೀನ್ ಹಾಗೇ ನಿಂತುಬಿಡುತ್ತಿತ್ತು. ಸರ್ವರ್ ಟೀಮ್ ನೆಟ್‌ವರ್ಕ್ ಅಂದರು, ನೆಟ್‌ವರ್ಕ್ ಟೀಮ್ ಸರ್ವರ್ ಅಂದರು. ಪಿಂಗ್ ಎರಡೂ ಕಡೆ ಬಂದ್. ದೊಡ್ಡ ಪ್ಯಾಕೆಟ್ ಬರಬೇಕಾದದ್ದು ಆ ಕಡೆಯಿಂದ, ಹಾಗಾಗಿ ಆ ಕಡೆಯ ಸರ್ವರ್‌ನಿಂದಲೇ ನಮ್ಮ ಮೆಷಿನ್‌ನ 22ನೇ ಪೋರ್ಟ್‌ಗೆ ಎಚ್‌ಪಿಂಗ್3 ಮೂಲಕ ಸಿನ್ ಕಳಿಸಿದೆವು. ಅದರ ಜೊತೆಗೆ ಡೇಟಾ, ಜೊತೆಗೆ ‘ಒಡೆಯಬೇಡ’ ಅನ್ನುವ ಬಿಟ್. ಕೆಲವು ಫೈರ್‌ವಾಲ್‌ಗಳು ಡೇಟಾ ಹೊತ್ತ ಸಿನ್ ಅನ್ನು ಒಪ್ಪುವುದಿಲ್ಲ, ಅದಕ್ಕೆ ಮೊದಲು 10 ಬೈಟ್ ಹಾಕಿ ಉತ್ತರ ಬರುತ್ತದೆ ಅಂತ ಖಚಿತ ಮಾಡಿಕೊಂಡೆವು. 1300 ಬೈಟ್‌ಗೂ ಉತ್ತರ ಬಂತು. 1440ಕ್ಕೆ ಬರಲಿಲ್ಲ. ಐಪಿ ಹೆಡರ್ 20, ಟಿಸಿಪಿ ಹೆಡರ್ 20 ಸೇರಿದರೆ 1480, ಅಷ್ಟು ದೊಡ್ಡದು ಟನಲ್‌ನಲ್ಲಿ ಹಿಡಿಸುತ್ತಿರಲಿಲ್ಲ. ಹಿಡಿಸದಿದ್ದಾಗ ಮಧ್ಯದ ರೂಟರ್ ಐಸಿಎಂಪಿ ಟೈಪ್ 3, ಕೋಡ್ 4 ಕಳಿಸಿ ‘ಚಿಕ್ಕದು ಮಾಡು’ ಅನ್ನಬೇಕು. ದಾರಿಯ ಒಂದು ಫೈರ್‌ವಾಲ್‌ನಲ್ಲಿ ಐಸಿಎಂಪಿಯನ್ನು ಪೂರ್ತಿ ಮುಚ್ಚಿದ್ದರು. ಟನಲ್‌ನಲ್ಲಿ ಎಂಎಸ್‌ಎಸ್, ಅಂದರೆ ಒಂದು ಟಿಸಿಪಿ ಪ್ಯಾಕೆಟ್ ಹೊರಬಹುದಾದ ಡೇಟಾದ ಮಿತಿ, ಇಳಿಸಿದ ಮೇಲೆ ಸರಿಹೋಯಿತು. ಕೈಯಲ್ಲಿ ಕಟ್ಟಿದ ಕೆಲವೇ ಪ್ಯಾಕೆಟ್‌ಗಳು ಆ ಜಗಳ ಮುಗಿಸಿದವು.

ಪಿಜಿ ವೈಫೈನಲ್ಲಿ ಮಾತ್ರ ಇಂಥ ಪ್ರಯೋಗ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಎಚ್‌ಪಿಂಗ್3ರಲ್ಲಿ ಫ್ಲಡ್ ಅನ್ನುವ ಆಯ್ಕೆ ಇದೆ. ಅದನ್ನು ಒಮ್ಮೆ ಒತ್ತಿದರೆ ಆ ಮನೆಯಲ್ಲಿ ರಾತ್ರಿ ಪಾಳಿ ಮಾಡುವವರ ಕಾಲ್ ಎಲ್ಲ ಕಟ್ ಆಗುತ್ತದೆ. ಒಪ್ಪಿಗೆ ಇಲ್ಲದೆ ಬೇರೆಯವರ ಸಿಸ್ಟಮ್‌ಗೆ ಅಡ್ಡಿ ಮಾಡಿದರೆ 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಇವೆ. 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆಫೀಸ್ ನೆಟ್‌ವರ್ಕ್‌ನಲ್ಲೂ ಲಿಖಿತ ಒಪ್ಪಿಗೆ ಇಲ್ಲದೆ ಬೇಡ. ಸುಳ್ಳು ಸೋರ್ಸ್ ವಿಳಾಸ ಹಾಕುವ ಆಸೆಯೂ ಬೇಡ. ಮನೆ ರೂಟರ್ ಅದನ್ನು ಬದಲಾಯಿಸುತ್ತದೆ ಅಥವಾ ಬಿಸಾಡುತ್ತದೆ. ದಾಟಿ ಹೋದರೂ ಉತ್ತರ ಆ ಸುಳ್ಳು ವಿಳಾಸಕ್ಕೆ ಹೋಗುತ್ತದೆ, ನಿಮಗೆ ಏನೂ ಕಾಣುವುದಿಲ್ಲ.

ಅಭ್ಯಾಸಕ್ಕೆ ನಿಮ್ಮ ಲ್ಯಾಪ್‌ಟಾಪ್ ಒಂದೇ ಸಾಕು. ಲಿನಕ್ಸ್‌ನ ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಯಂತ್ರದೊಳಗಿನ ಪ್ರತ್ಯೇಕ ನೆಟ್‌ವರ್ಕ್) ಬಳಸಿ. ಐಪಿ ಕಮಾಂಡ್‌ನಿಂದ ಒಂದು ನೇಮ್‌ಸ್ಪೇಸ್ ಮಾಡಿ, ಒಂದು ವೆತ್ ಜೋಡಿ (ವರ್ಚುವಲ್ ಕೇಬಲ್‌ನಂಥದ್ದು) ಮಾಡಿ, ಅದರ ಒಂದು ತುದಿಯನ್ನು ಒಳಗೆ ಹಾಕಿ, ಎರಡೂ ತುದಿಗೆ ವಿಳಾಸ ಕೊಟ್ಟು ಅಪ್ ಮಾಡಿ. ಒಳಗೆ ಪೈಥಾನ್‌ನ ಎಚ್‌ಟಿಟಿಪಿ ಸರ್ವರ್ ಓಡಿಸಿ. ಈಗ ನಿಮ್ಮ ಗುರಿ ನಿಮ್ಮದೇ, ಯಾರಿಗೂ ತೊಂದರೆ ಇಲ್ಲ. ಅಲ್ಲಿ ಟಿಸಿಪಿಡಂಪ್‌ಗೆ ಮೈನಸ್ ವಿವಿ ಕೊಟ್ಟಾಗ ಸರ್ವರ್‌ನ ಪ್ಯಾಕೆಟ್‌ಗಳಿಗೆ ‘ಚೆಕ್‌ಸಮ್ ತಪ್ಪು’ ಅಂತ ತೋರಿಸಿದರೆ ಹೆದರಬೇಡಿ. ಚೆಕ್‌ಸಮ್ ಲೆಕ್ಕವನ್ನು ಕಾರ್ಡ್‌ಗೆ ಬಿಡುವ ಆಫ್‌ಲೋಡ್ ಅದು, ಈಥ್‌ಟೂಲ್ ಕಮಾಂಡ್‌ನಿಂದ ನಿಲ್ಲಿಸಬಹುದು. ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ವಿಳಾಸ), ಎಆರ್‌ಪಿ (ಐಪಿಯಿಂದ ಆ ವಿಳಾಸ ಹುಡುಕುವ ವಿಧಾನ) ಮಟ್ಟದಲ್ಲಿ ಆಡಬೇಕು ಅನಿಸಿದರೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಸ್ವಿಚ್, ಎರಡು ಕೇಬಲ್ ತನ್ನಿ. ಯಾಕೆಂದರೆ ವೈಫೈ ಆಕ್ಸೆಸ್ ಪಾಯಿಂಟ್ ತನಗೆ ಗೊತ್ತಿಲ್ಲದ ಮ್ಯಾಕ್‌ನಿಂದ ಬಂದ ಫ್ರೇಮ್ ಅನ್ನು ಮುಂದೆ ಬಿಡುವುದಿಲ್ಲ.

ಮೊದಲು ಆ ಐಪಿಟೇಬಲ್ಸ್ ನಿಯಮ ಹಾಕಿ ನೋಡಿ. ಆಮೇಲೂ ಪುಟ ಬರದಿದ್ದರೆ ಟಿಸಿಪಿಡಂಪ್‌ನ ಸಾಲುಗಳನ್ನು ಇಲ್ಲೇ ಕಾಮೆಂಟ್‌ನಲ್ಲಿ ಹಾಕಿ. ವಿಳಾಸಗಳನ್ನು ಅಳಿಸಿ, ಆದರೆ ಸೀಕ್ವೆನ್ಸ್, ಆಕ್ ನಂಬರ್‌ಗಳನ್ನು ಹಾಗೇ ಬಿಡಿ. ಟಿಸಿಪಿಡಂಪ್‌ಗೆ ಮೈನಸ್ ಕ್ಯಾಪಿಟಲ್ ಎಸ್ ಕೊಟ್ಟರೆ ಅವು ಪೂರ್ತಿ ಸಂಖ್ಯೆಗಳಾಗಿ ಬರುತ್ತವೆ, ನನಗೆ ಅವೇ ಬೇಕು.